ಕಪ್ಪು ಮೂತಿಯ ಐದು ಗುಂಡು

ಶಿರಾ ಪೇಟೆಯಲ್ಲಿ ಕೋವಿ ರಿಪೇರಿಯ ಲೈಸೆನ್ಸು ಉಳಿಸಿಕೊಂಡಿದ್ದವನು ಅಸ್ಗರ್ ಒಬ್ಬನೇ. ಅಜ್ಜ ಹಾಕಿದ ಅಂಗಡಿ, ಅಪ್ಪ ನಡೆಸಿದ್ದು. ಬೆಳೆ ಕಾಯೋದಕ್ಕೆಂದು ಪರವಾನಗಿ ಪಡೆದು ಒಂಟಿ ನಳಿಗೆ ಕೋವಿ ಇಟ್ಟುಕೊಂಡಿದ್ದ ರೈತರು ತಾವರೆಕೆರೆಯಿಂದಲೂ ಕೊಳಾಲದಿಂದಲೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ರಿಜಿಸ್ಟರಿನಲ್ಲಿ ಬರೆಯದೆ ಒಂದು ಸ್ಕ್ರೂ ಕೂಡ ತಿರುಗಿಸದ ಮನುಷ್ಯ ಅಂತ ಅವನಿಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಆಯುಧ ಕಾಯ್ದೆಯ ಯಾವ ಕಲಮು ಏನು ಹೇಳುತ್ತದೆ ಅನ್ನೋದನ್ನ ವಕೀಲರಿಗಿಂತ ಚೆನ್ನಾಗಿ ಹೇಳಬಲ್ಲೆ ಅಂದುಕೊಂಡಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಕಳ್ಳಂಬೆಳ್ಳದ ನಾಗಲಿಂಗಯ್ಯ ಅವನ ಹಳೇ ಗಿರಾಕಿ, ಗಿರಾಕಿಗಿಂತ ಹೆಚ್ಚಾಗಿ ಗೆಳೆಯ. ಮಿಲಿಟ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವನು. ಅವನು ಎದೆನೋವಿನಿಂದ ತೀರಿಕೊಂಡ ಮೂರನೇ ತಿಂಗಳಿಗೆ ಹೆಂಡತಿ ಈಶ್ವರಮ್ಮ ಮಗಳು ಅಶ್ವಿನಿಯ ಸ್ಕೂಟರಿನ ಹಿಂದೆ ಕೂತು ಅಂಗಡಿಗೆ ಬಂದಳು. ಗಂಡನ ಟ್ರಂಕಿನಲ್ಲಿ ಏನೋ ಸಾಮಾನಿದೆ, ಮನೆಯಲ್ಲಿಟ್ಟುಕೊಳ್ಳೋಕೆ ಭಯ, ಒಂದ್ಸಲ ಬಂದು ನೋಡಿ ಅಂದಳು. ಅದನ್ನ ಹೊತ್ತುಕೊಂಡು ಅಂಗಡಿಗೆ ಬರದೇ ಇದ್ದುದಕ್ಕೆ ಅಸ್ಗರ್ ಅವಳ ಬುದ್ಧಿಯನ್ನು ಮೆಚ್ಚಿ, ಅವತ್ತೇ ಮಧ್ಯಾಹ್ನದ ಬಸ್ಸು ಹಿಡಿದ.

ಟ್ರಂಕಿನಲ್ಲಿ ಮಡಿಸಿಟ್ಟ ಯೂನಿಫಾರಂ, ಎರಡು ಪದಕ, ಅದರಡಿ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಐದು ರೈಫಲ್ ಗುಂಡು. ಮೂತಿಗೆ ಕಪ್ಪು ಬಣ್ಣ. ನೋಡಿದ ಕೂಡಲೇ ಅಸ್ಗರನಿಗೆ ಗೊತ್ತಾಯಿತು, ಒಳಗೆ ಗಟ್ಟಿ ಉಕ್ಕಿನ ತಿರುಳಿರುವ, ಕಬ್ಬಿಣದ ತಗಡನ್ನೇ ತೂರಿ ಹೋಗುವ ಜಾತಿಯವು. ಸೈನ್ಯಕ್ಕೆ ಬಿಟ್ಟರೆ ಯಾರಿಗೂ ಕೊಡುವುದಿಲ್ಲ. ಕೋವಿಯ ಪರವಾನಗಿ ಎಷ್ಟೇ ದೊಡ್ಡದಿರಲಿ, ಈ ಗುಂಡು ಮನೆಯಲ್ಲಿ ಇದ್ದರೇ ಅಪರಾಧ, ಹಾರಿಸಬೇಕೆಂದೇನೂ ಇಲ್ಲ. ಬಟ್ಟೆಯನ್ನು ಮತ್ತೆ ಸುತ್ತಿಟ್ಟು ಟ್ರಂಕಿನ ತಳಕ್ಕೆ ಕೈ ಹಾಕಿದಾಗ ಇನ್ನೊಂದು ವಸ್ತು ಸಿಕ್ಕಿತು. ಹಿತ್ತಾಳೆಯ ಕೈಯಂತ್ರ, ಬಳಸಿ ಬಿಸಾಡಿದ ಕಾಟ್ರಿಜ್ಜಿಗೆ ಮತ್ತೆ ಮದ್ದು ತುಂಬಿ ಬಾಯಿ ಮುಚ್ಚುವಂಥದ್ದು.

ಅದು ಅಸ್ಗರನ ಅಜ್ಜನದು. ಹನ್ನೊಂದು ವರ್ಷದ ಹಿಂದೆ ಹಂದಿಗಳು ಕಡಲೆಕಾಯಿ ಹೊಲಕ್ಕೆ ನುಗ್ಗಿ ಉತ್ತು ಹಾಕಿದಂತೆ ಮಾಡುತ್ತಿದ್ದಾಗ, ಪೇಟೆಯಲ್ಲಿ ಕಾಟ್ರಿಜ್ಜು ಸಿಗದೆ ನಾಗಲಿಂಗಯ್ಯ ಗೋಳಾಡಿದ್ದಕ್ಕೆ, ಅಸ್ಗರನೇ ಇದನ್ನು ತಂದು ಇದೇ ಪಡಸಾಲೆಯಲ್ಲಿ ಕೊಟ್ಟಿದ್ದ. ಕಾನೂನಿನ ಕಣ್ಣಲ್ಲಿ ಅದು ರಿಪೇರಿ ಅಲ್ಲ, ಮದ್ದುಗುಂಡು ತಯಾರಿಸುವ ಕೆಲಸ, ಅದಕ್ಕೆ ಬೇರೆಯೇ ಲೈಸೆನ್ಸು ಬೇಕು ಅನ್ನೋದು ಅವನಿಗೆ ಅವತ್ತೂ ಗೊತ್ತಿತ್ತು. ಒಂದೇ ಸುಗ್ಗಿಗೆ ಅಂದಿದ್ದ. ಹೆಂಗೆ ತುಂಬಬೇಕೆಂದು ಅವನು ತೋರಿಸುತ್ತಿದ್ದಾಗ ಈಶ್ವರಮ್ಮ ಇಬ್ಬರಿಗೂ ಮಜ್ಜಿಗೆ ತಂದಿಟ್ಟು ಹೋಗಿದ್ದಳು. ಈಗ ಅವಳು ಅದನ್ನೂ ನೋಡಿದಳು, ಅವನನ್ನೂ ನೋಡಿದಳು. ಅಸ್ಗರ್ ಅದನ್ನು ಡಬ್ಬಿಯ ಪಕ್ಕದಲ್ಲಿಟ್ಟ.

ಈಶ್ವರಮ್ಮನ ಅಣ್ಣ ಶಂಕರಲಿಂಗಪ್ಪನೂ ಬಂದಿದ್ದ. ಎಲ್ಲಾನೂ ಗೋಣಿಚೀಲಕ್ಕೆ ಹಾಕಿ ಕೆರೆಗೆ ಎಸೆದರಾಯಿತು, ಸತ್ತವನ ಜೊತೆ ಸತ್ತು ಹೋಗಲಿ ಅಂದ. ಅಸ್ಗರ್ ಒಪ್ಪಲಿಲ್ಲ. ಕೆರೆ ಬತ್ತಿದಾಗ ಯಾರ ಕೈಗೋ ಸಿಕ್ಕಿ ಅನಾಹುತವಾದರೆ ಯಾರು ಹೊಣೆ ಅಂದ. ತಾವಾಗಿಯೇ ಒಪ್ಪಿಸಿದವರನ್ನು ಯಾವ ಪೊಲೀಸೂ ಮುಟ್ಟುವುದಿಲ್ಲ ಅಂದ. ಅಶ್ವಿನಿಗೆ ಗ್ರಾಮ ಆಡಳಿತ ಅಧಿಕಾರಿ ಕೆಲಸಕ್ಕೆ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು ಹದಿನೈದು ದಿನವಾಗಿತ್ತು. ಇಂಥ ಹೊತ್ತಿನಲ್ಲಿ ಠಾಣೆ ಮೆಟ್ಟಿಲು ಹತ್ತೋದು ಬೇಡ ಅಂತ ಶಂಕರಲಿಂಗಪ್ಪ ಇನ್ನೊಮ್ಮೆ ಹೇಳಿದ.

"ಅದಕ್ಕೇ ಹೇಳ್ತಿರೋದು," ಅಂದ ಅಸ್ಗರ್. "ನಾಳೆ ಸರ್ಕಾರಿ ಕೆಲಸ ಮಾಡೋ ಹುಡುಗಿ ಮನೇಲಿ ಇಂಥದ್ದು ಇರಬಾರ್ದು. ನಾನಿದೀನಲ್ಲಕ್ಕ, ನಾನೇ ಜೊತೇಗೆ ಬರ್ತೀನಿ."

ಈಶ್ವರಮ್ಮ ಅಣ್ಣನ ಮಾತು ಬಿಟ್ಟು ಅಸ್ಗರನ ಮಾತು ಹಿಡಿದಳು.

ಅರ್ಜಿಯನ್ನು ಅವನೇ ಬರೆದ. ಬರೆಯುವಾಗ, ಈ ಗುಂಡು ಇರೋದು ನಿಮಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದ. ಇವು ಕಬ್ಬಿಣ ತೂತು ಮಾಡ್ತವೆ ಅಂತ ಅವರು ಎಷ್ಟೋ ಸಲ ತೋರಿಸಿದ್ದರು, ಅಶ್ವಿನಿಗೂ ತೋರಿಸಿದ್ದರು ಅಂದಳು ಈಶ್ವರಮ್ಮ. ಸತ್ಯ ಬರೆದರೆ ಅರ್ಜಿಗೆ ತೂಕ ಬರುತ್ತದೆ ಅನ್ನೋದು ಅವನ ನಂಬಿಕೆ. "ಸದರಿ ಗುಂಡುಗಳು ಉಕ್ಕು ಭೇದಿಸುವ ನಿಷೇಧಿತ ಮಾದರಿಯವು. ಅವು ಮನೆಯಲ್ಲಿದ್ದುದು ನನಗೂ ನನ್ನ ಮಗಳಿಗೂ ಮೊದಲಿನಿಂದ ತಿಳಿದಿತ್ತು" ಅಂತ ದುಂಡಗೆ ಬರೆದ. ಯಂತ್ರದ ವಿಷಯ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಶಂಕರಲಿಂಗಪ್ಪನೂ ಅದನ್ನು ನೋಡಿದ್ದ, ಬಿಟ್ಟುಬಿಡುವಂತಿರಲಿಲ್ಲ. "ಕಾಟ್ರಿಜ್ ತುಂಬುವ ಹಳೆಯ ಸಾಧನ ಒಂದು" ಅಂತಷ್ಟೇ ಬರೆದು ಮುಗಿಸಿದ.

ಮಾರನೇ ದಿನ ಅಶ್ವಿನಿ ಡಬ್ಬಿಯನ್ನೂ ಯಂತ್ರವನ್ನೂ ಸ್ಕೂಟರಿನ ಸೀಟಿನಡಿ ಇಟ್ಟುಕೊಂಡು ಠಾಣೆಗೆ ತಂದಳು. ಸಬ್‌ಇನ್‌ಸ್ಪೆಕ್ಟರ್ ಹೊಸಬ. ಅರ್ಜಿಯನ್ನು ಎರಡು ಸಲ ಓದಿದ. ಕೂತಿರಿ ಅಂದ. ತಾಯಿ, ಮಗಳು, ಅಸ್ಗರ್ ಮೂವರೂ ಬೆಂಚಿನ ಮೇಲೆ ಮೂರು ಗಂಟೆ ಕೂತರು. ಆಮೇಲೆ ಪಂಚರು ಬಂದರು, ಮಹಜರು ಆಯಿತು, ಫೋಟೋ ತೆಗೆದರು. ಗುಂಡು ಯಾವ ಜಾತಿಯದೆಂದು ಗುರುತಿಸಿದ ಪರಿಣತ ಅಂತ ಅಸ್ಗರನ ಸಹಿ ಹಾಕಿಸಿಕೊಂಡರು. ಕೇಸು ದಾಖಲಾಗಿದೆ ಅಂತ ರೈಟರ್ ಹೇಳುವವರೆಗೆ ಅವನಿಗೆ ಏನು ನಡೆಯುತ್ತಿದೆ ಅನ್ನೋದೇ ತಿಳಿಯಲಿಲ್ಲ. ಒಂದನೇ ಆರೋಪಿ ಈಶ್ವರಮ್ಮ, ಎರಡನೇ ಆರೋಪಿ ಅಶ್ವಿನಿ. ತಾವಾಗಿ ತಂದು ಒಪ್ಪಿಸಿದವರ ಮೇಲೆ ಕೇಸು ಹೆಂಗೆ ಹಾಕ್ತೀರಿ ಅಂತ ಅವನು ಕೇಳಿದ.

"ಗೊತ್ತಿದ್ದು ಇಟ್ಕೊಂಡಿದ್ದೀವಿ ಅಂತ ಅವರೇ ಬರ್ಕೊಟ್ಟಿದ್ದಾರಲ್ರೀ," ಅಂದ ಸಬ್‌ಇನ್‌ಸ್ಪೆಕ್ಟರ್. "ನಾನೇನು ಇಲ್ಲದ್ದು ಸೇರಿಸಿದೀನಾ? ಸರಿ, ಈ ಯಂತ್ರ ಯಾರು ಕೊಟ್ಟಿದ್ದು?"

ಅಸ್ಗರನಿಗೆ ಅಂಗಡಿ, ಲೈಸೆನ್ಸು, ಹೆಂಡತಿ ಅಖ್ತರ್ ಬೇಗಂ, ಮದುವೆಗೆ ನಿಂತಿದ್ದ ಮಗಳು ಮಹಜಬೀನ್, ಎಲ್ಲಾ ಒಟ್ಟಿಗೆ ಕಣ್ಣೆದುರು ಬಂತು.

"ನಂಗೊತ್ತಿಲ್ಲ ಸಾರ್," ಅಂದ.

ಈಶ್ವರಮ್ಮ ತಲೆಯೆತ್ತಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಗಳ ಕೈ ಹಿಡಿದುಕೊಂಡಳು.

ತಾಯಿ ಮಗಳು ಹನ್ನೆರಡು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದರು. ಊರಲ್ಲಿ ಬಗೆಬಗೆ ಮಾತು. ಮಿಲಿಟ್ರಿಯವನ ಮನೆಯಲ್ಲಿ ಬಾಂಬು ಸಿಕ್ಕಿತಂತೆ ಅಂದವರೂ ಇದ್ದರು. ಅಶ್ವಿನಿಯ ನೇಮಕದ ಆದೇಶ ಪೊಲೀಸ್ ಪರಿಶೀಲನೆಯ ಹಂತದಲ್ಲೇ ನಿಂತಿತು. ಕೇಸು ಮುಗಿಯಲಿ, ಆಮೇಲೆ ನೋಡೋಣ ಅಂತ ಕಚೇರಿಯವರು ಹೇಳಿ ಕಳಿಸಿದರು. ಕೇಸು ಮುಗಿಯೋಕೆ ನಾಲ್ಕು ವರ್ಷ ಹಿಡಿಯಿತು. ಗುಂಡು ಪರೀಕ್ಷೆಯ ವರದಿ ಬರೋದಕ್ಕೇ ಒಂದೂವರೆ ವರ್ಷ. ಮಧುಗಿರಿ ಕೋರ್ಟಿಗೆ ಅವರಿಬ್ಬರೂ ಒಂದು ವಾಯಿದೆಯೂ ತಪ್ಪಿಸದೆ ಓಡಾಡಿದರು. ಸಾಕ್ಷಿಯಾಗಿ ಅಸ್ಗರನಿಗೂ ಸಮನ್ಸು ಬರುತ್ತಿತ್ತು. ಕೋರ್ಟಿನ ಅಂಗಳದ ಹುಣಸೆಮರದಡಿ ಅವರು ಒಂದು ಕಡೆ ಕೂತರೆ ಇವನು ಇನ್ನೊಂದು ಕಡೆ. ಮೊದಮೊದಲು ಅಶ್ವಿನಿ "ಮಾಮ, ಊಟ ಆಯ್ತಾ" ಅಂತ ಕೇಳುತ್ತಿದ್ದಳು. ಎರಡನೇ ವರ್ಷದಿಂದ ಅದೂ ನಿಂತಿತು.

ಕಟಕಟೆಯಲ್ಲಿ ನಿಂತ ದಿನ ಸರ್ಕಾರಿ ವಕೀಲರು, ಗುಂಡಿನ ವಿಷಯ ಆರೋಪಿಗಳಿಗೆ ಮೊದಲೇ ತಿಳಿದಿತ್ತೇ ಅಂತ ಕೇಳಿದರು. ಪ್ರಮಾಣ ಮಾಡಿದ್ದೇನೆ, ಸುಳ್ಳು ಹೇಳಬಾರದು ಅಂತ ಅಸ್ಗರ್ ತನಗೆ ತಾನೇ ಹೇಳಿಕೊಂಡ. ತಿಳಿದಿತ್ತು ಅಂದ. ಈಶ್ವರಮ್ಮನ ವಕೀಲರು ಎದ್ದು, ಇಂಥ ಯಂತ್ರ ನಮ್ಮ ಸೀಮೆಯಲ್ಲಿ ಯಾರ ಬಳಿ ಇರುತ್ತದೆ ಅಂತ ಕೇಳಿದಾಗ ಆ ಪ್ರಮಾಣ ನೆನಪಿಗೆ ಬರಲಿಲ್ಲ. ಹಳೇ ಕಾಲದ್ದು ಸ್ವಾಮಿ, ಯಾರ ಹತ್ರ ಬೇಕಾದರೂ ಇರಬಹುದು ಅಂದ.

ಕೊನೆಗೆ ನ್ಯಾಯಾಧೀಶರು ಈಶ್ವರಮ್ಮನನ್ನೇ ಕೇಳಿದರು. ಈ ಸಾಧನ ನಿಮ್ಮ ಮನೆಗೆ ಎಲ್ಲಿಂದ ಬಂತಮ್ಮ?

ಅಸ್ಗರ್ ಹಿಂದಿನ ಬೆಂಚಿನಲ್ಲಿದ್ದ. ಎದ್ದು ಹೊರಗೆ ಹೋಗಬೇಕು ಅನ್ನಿಸಿತು.

"ನಮ್ಮೆಜಮಾನ್ರು ಮಿಲಿಟ್ರಿಯಿಂದ ಬರೋವಾಗ ತಂದಿದ್ರು ಸ್ವಾಮಿ," ಅಂದಳು ಈಶ್ವರಮ್ಮ.

ಎರಡು ತಿಂಗಳ ಮೇಲೆ ತೀರ್ಪು ಬಂತು. ಗಂಡ ಬಿಟ್ಟುಹೋದ ವಸ್ತುವನ್ನು ತಾವಾಗಿಯೇ ತಂದು ಒಪ್ಪಿಸಿದ ಹೆಂಗಸರಿಗೆ ಅದನ್ನು ಇಟ್ಟುಕೊಳ್ಳುವ ಉದ್ದೇಶವಿತ್ತೆಂದು ಹೇಳಲಾಗದು ಅಂತ ಇಬ್ಬರನ್ನೂ ಬಿಡುಗಡೆ ಮಾಡಿದರು. ಅಷ್ಟು ಹೊತ್ತಿಗೆ ಆಯ್ಕೆ ಪಟ್ಟಿಯ ಅವಧಿ ಮುಗಿದು, ಅಶ್ವಿನಿಯ ಜಾಗಕ್ಕೆ ಬೇರೆಯವರು ಬಂದು ಎರಡು ವರ್ಷವಾಗಿತ್ತು. ಹೊಸ ಪರೀಕ್ಷೆ ಬರೆಯೋಣವೆಂದರೆ ವಯಸ್ಸು ದಾಟಿತ್ತು. ಅವಳು ಹೈವೇ ಪಕ್ಕದ ಗಾರ್ಮೆಂಟ್ಸಿಗೆ ಹೋಗಲು ಶುರುಮಾಡಿದಳು.

ಅದೇ ತಿಂಗಳು ಅಸ್ಗರನ ಲೈಸೆನ್ಸು ನವೀಕರಣವಾಗಿ ಬಂತು. ಕಾಗದದ ಜೊತೆ ಠಾಣೆಯ ವರದಿಯ ಪ್ರತಿ ಇತ್ತು. ಅರ್ಜಿದಾರರು ಪ್ರಾಮಾಣಿಕರು, ನಿಷೇಧಿತ ಮದ್ದುಗುಂಡಿನ ಪ್ರಕರಣವೊಂದರಲ್ಲಿ ಇಲಾಖೆಗೆ ಸಹಕರಿಸಿದವರು ಅಂತ ಬರೆದಿತ್ತು. ಅದನ್ನು ಓದಿದ ಮೇಲೆ ಅವನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಶಟರ್ ಎಳೆದು ಕಳ್ಳಂಬೆಳ್ಳಕ್ಕೆ ಹೋದ.

ಈಶ್ವರಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಏಳಲಿಲ್ಲ, ಕೂರಿ ಅನ್ನಲೂ ಇಲ್ಲ. ಅವನೇ ಮೆಟ್ಟಿಲ ಮೇಲೆ ಕೂತ. ಅವತ್ತು ಠಾಣೆಯಲ್ಲಿ ತಾನು ಹೇಳಬೇಕಾಗಿತ್ತು ಅಂತ ಶುರುಮಾಡಿದ. ಅವಳು ಮಾತು ಮುಗಿಸಲು ಬಿಡಲಿಲ್ಲ.

"ಈಗ ಹೇಳಿ ಯಾರ್ಗೇನಾಗ್ಬೇಕು ಬುಡಿ. ನೀವು ಕೊಟ್ರಿ ಅಂತ ನಾನೂ ಹೇಳ್ಬೋದಿತ್ತು. ಹೇಳಿದ್ರೆ ನಿಮ್ಮನೇನೂ ಹಾಳಾಗೋದು, ಅಷ್ಟೇಯ. ನಿಮ್ ಮಗಳ್ದು ಮದುವೆ ಆಯ್ತಾ?"

"ಆಯ್ತು ಅಕ್ಕ. ಹೋದ್ ವರ್ಷ."

"ಒಳ್ಳೇದಾಗ್ಲಿ." ಅವಳು ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. "ನನ್ ಮಗ್ಳು ಕೇಳ್ತಾಳೆ, ನಂಗೊತ್ತಿತ್ತು ಅಂತ ಅಷ್ಟು ಸರಿಯಾಗಿ ಬರ್ದೋರು, ಅವ್ರಿಗೊತ್ತಿದ್ದಿದ್ದು ಯಾಕ್ ಬರೀಲಿಲ್ಲ ಅಂತ. ಅವಳು ಕೆಲ್ಸದಿಂದ ಬರೋ ಹೊತ್ತಾಯ್ತು, ನೀವು ಹೊರಡಿ ಅಸ್ಗರಣ್ಣ. ಇನ್ ಮ್ಯಾಲೆ ಈ ಕಡೆ ಬರೋದ್ ಬ್ಯಾಡ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ರಸ್ತೆಗೆ ಬಂದಾಗ ಗಾರ್ಮೆಂಟ್ಸಿನ ವ್ಯಾನು ಆಗಲೇ ನಿಂತು ಹೆಂಗಸರು ಇಳಿಯುತ್ತಿದ್ದರು. ಅವರಲ್ಲಿ ಅಶ್ವಿನಿಯೂ ಇದ್ದಳು. ಅವನನ್ನು ಕಂಡಳು, ಜೊತೆಯವಳ ಕಡೆ ತಿರುಗಿ ಏನೋ ಮಾತಾಡುತ್ತ ದಾಟಿಹೋದಳು.

ಮನೆಯಲ್ಲಿ ಅಖ್ತರ್ ಬೇಗಂ ತಟ್ಟೆ ಇಡುತ್ತ, ಕಳ್ಳಂಬೆಳ್ಳದವರು ಹೇಗಿದ್ದಾರೆ ಅಂತ ಕೇಳಿದಳು. ಯಂತ್ರದ ಸಂಗತಿ ಅವಳಿಗೂ ಅವನು ಹೇಳಿರಲಿಲ್ಲ. ಚೆನ್ನಾಗಿದ್ದಾರೆ, ಕೇಸು ಗೆದ್ದ ಖುಷಿಯಲ್ಲಿದ್ದಾರೆ ಅಂದ. ನಿಮ್ಮ ಸಾಕ್ಷಿಯಿಂದಲೇ ತಾನೇ ಅಂತ ಅವಳು ಕೇಳಿದಳು. ಹೂಂ ಅಂದು ಅನ್ನ ಕಲಸಿದ.