ಚೀಟಿಯಿಲ್ಲದ ದವಡೆ

ನನ್ನ ಮಗ ಹಲ್ಲು ಕಟ್ಟುವವನು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ಅವನು ಕಟ್ಟಿದ ಹಲ್ಲಿನಲ್ಲಿ. ಹೆತ್ತ ತಾಯಿ ನಾನು ಮಾತ್ರ ಎಂಟು ತಿಂಗಳಿಂದ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ.

ನನ್ನ ಕೆಳಸಾಲಿನ ಸೆಟ್ಟು ತೊಳೆಯುವಾಗ ಕೈಜಾರಿ ಸಿಂಕಿಗೆ ಬಿದ್ದು ಎರಡು ತುಂಡಾಗಿತ್ತು. ಅವತ್ತೇ ಮಗ ಅಚ್ಚು ತೆಗೆದ, ಪ್ಲಾಸ್ಟರ್ ಸುರಿದು ನನ್ನ ದವಡೆಯ ಪಡಿಯಚ್ಚು ಮಾಡಿಟ್ಟ. ಅಲ್ಲಿಗೆ ನಿಂತಿತು. ಅವನಲ್ಲಿ ಬಂದ ಪ್ರತಿ ಅಚ್ಚಿಗೂ ಒಂದು ಟ್ರೇ, ಟ್ರೇಗೊಂದು ಚೀಟಿ, ಚೀಟಿಯಲ್ಲಿ ಡಾಕ್ಟರ ಹೆಸರು, ಕೊಡಬೇಕಾದ ತಾರೀಕು. ಚೀಟಿ ನೋಡಿಯೇ ಅವನು ಕೆಲಸ ಎತ್ತಿಕೊಳ್ಳುವುದು. ನನ್ನದಕ್ಕೆ ಚೀಟಿ ಬರೆಯಲೇ ಇಲ್ಲ.

"ಮನೇದು ತಾನೇ ಅಮ್ಮ, ಬಿಡುವಾದಾಗ ಮಾಡಿದ್ರಾಯ್ತು."

ಆ ಬಿಡುವು ಬರಲಿಲ್ಲ. ಇನ್ನೂ ಟ್ರೇಗೆ ಹಚ್ಚದ ಚೀಟಿಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು ನನ್ನ ದವಡೆಯನ್ನು ಅವುಗಳ ಮೇಲೆ ಭಾರಕ್ಕಿಟ್ಟ. ಧೂಳು ತಿನ್ನುತ್ತಾ ಊರವರ ತಾರೀಕುಗಳನ್ನು ಕಾಯುತ್ತಿತ್ತು ಅದು.

ಸೊಸೆ ನನ್ನ ಊಟವನ್ನು ಅಡುಗೆಮನೆಯಲ್ಲೇ ಮಿದ್ದು, ಎಲ್ಲರ ತಟ್ಟೆಯಂತೆಯೇ ಕಾಣುವ ಹಾಗೆ ಜೋಡಿಸಿ ತರುತ್ತಿದ್ದಳು. ಮೊಮ್ಮಗಳು ಸೇಬನ್ನು ಚಮಚದಲ್ಲಿ ಕೆರೆದು ಕೊಟ್ಟು, "ನಂಗೂ ಹೀಗೇ ಇಷ್ಟ ಅಜ್ಜಿ" ಎಂದು ತಾನೂ ಹಾಗೆಯೇ ತಿನ್ನುತ್ತಿದ್ದಳು. ಅವಳಿಗಿರುವ ಹಲ್ಲಿಗೆ ಕಬ್ಬಿಣದ ಕಡಲೆಯೂ ಪುಡಿಯಾಗಬೇಕು.

ನಾನು ಸಿಟ್ಟಿನವಳಲ್ಲ. ಆದರೆ ಆ ಭಾನುವಾರ ಅಕ್ಕ ಬರುವವಳಿದ್ದಳು, ಹನ್ನೊಂದು ವರ್ಷದ ಮೇಲೆ, ಒಂದೇ ದಿನಕ್ಕೆ. ಎಂಬತ್ತು ದಾಟಿದವಳು, ಇನ್ನೊಮ್ಮೆ ಬರುತ್ತಾಳೆಂದು ಯಾರು ಹೇಳಬೇಕು? ಅವಳೆದುರು ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದಾಗದು.

ಮಂಗಳವಾರ ಮಗನ ಮೇಜಿನ ಮುಂದೆ ನಿಂತೆ.

"ಭಾನುವಾರ ನಿನ್ನ ದೊಡ್ಡಮ್ಮ ಬರ್ತಾಳೆ ಕಣೋ."

"ಗೊತ್ತಮ್ಮ, ಮಾಡ್ತೀನಿ." ಉಜ್ಜುವ ಯಂತ್ರ ನಿಲ್ಲಲಿಲ್ಲ.

"ಯಾವಾಗ?"

"ಈ ನಾಲ್ಕು ಅರ್ಜೆಂಟ್ ಮುಗೀಲಿ. ನಾನೇನು ಆಟ ಆಡ್ತಾ ಕೂತಿದೀನಾ? ಯಾರಿಗೋಸ್ಕರ ಇಷ್ಟೆಲ್ಲ ದುಡಿಯೋದು?"

ಈ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ. ನಮಗೋಸ್ಕರವಂತೆ! ನಮ್ಮಿಂದ ಹದಿನೇಳು ಹೆಜ್ಜೆ ದೂರದಲ್ಲಿ ಕೂತು, ನಮ್ಮ ಕಡೆ ಬೆನ್ನು ಹಾಕಿ, ನಮಗೋಸ್ಕರ!

ಬಾಗಿಲಲ್ಲಿ ನಿಂತಿದ್ದ ಸೊಸೆ ನನ್ನನ್ನು ಒಳಗೆ ಕರೆದಳು. "ಬಿಡಿ ಅತ್ತೆ. ಇವರಿಗೆ ಬಾಯಿಮಾತು ಕೇಳ್ಸಲ್ಲ, ಚೀಟಿ ಮಾತ್ರ ಕಾಣ್ಸುತ್ತೆ."

ಅವನು ಸ್ನಾನಕ್ಕೆ ಹೋದಾಗ ಅವಳು ನನ್ನ ದವಡೆಯ ಧೂಳು ತೊಳೆದು ಒಂದು ಟ್ರೇಯಲ್ಲಿಟ್ಟಳು. ಇಲ್ಲದ ಡಾಕ್ಟರೊಬ್ಬರ ಹೆಸರು ಬರೆದು, 'ಶನಿವಾರ, ಅರ್ಜೆಂಟ್' ಎಂದು ಚೀಟಿ ಹಚ್ಚಿದಳು. ಚೀಟಿಗಳ ಮೇಲೆ ಭಾರಕ್ಕೆ ಒಂದು ಬಟ್ಟಲು ಬೋರಲು ಹಾಕಿದಳು. ಅದನ್ನು ಅವನು ಗಮನಿಸಲೂ ಇಲ್ಲ.

ಶನಿವಾರ ಬೆಳಿಗ್ಗೆ ಪುಟ್ಟ ಡಬ್ಬಿ ಹಿಡಿದು ಹೊರಬಂದ.

"ಇದ್ಯಾವ ಡಾಕ್ಟರೋ, ಫೋನ್ ನಂಬರೇ ಇಲ್ಲ. ಆದ್ರೆ ಎಂಥಾ ದವಡೆ ಅಂತೀಯ! ಎಡಗಡೆ ಪೂರಾ ಸವೆದಿದೆ. ಪಾಪ, ಯಾರೋ ವಯಸ್ಸಾದ ಹೆಂಗಸು, ವರ್ಷಗಟ್ಟಲೆ ಒಂದೇ ಕಡೆ ಅಗಿದಿದಾರೆ. ಅದಕ್ಕೇ ಎರಡು ಗಂಟೆ ಹೆಚ್ಚು ಕೂತು ಮಾಡ್ದೆ."

ಯಾರೋ ಹೆಂಗಸು! ಡಬ್ಬಿ ಕಿತ್ತುಕೊಂಡು ಸೆಟ್ಟನ್ನು ಬಾಯಿಗಿಟ್ಟೆ.

"ಅಯ್ಯೋ ಅಮ್ಮ, ಅದು ಪೇಷೆಂಟ್‌ದು!"

"ಹೌದು ಕಣೋ. ನಿನ್ನ ಚೀಟಿಗಳ ಮೇಲೆ ಎಂಟು ತಿಂಗಳು ಕೂತಿದ್ದ ಪೇಷೆಂಟ್‌ದು."

ಅಷ್ಟು ಹೇಳುವಷ್ಟರಲ್ಲಿ ಹಲ್ಲು ಸಾಲಿಗೆ ಸಾಲೇ ಎದ್ದು ನಾಲಿಗೆಯ ಮೇಲೆ ಬಂತು. ಸಡಿಲ. ಅವನ ಮುಖ ಬಿಳುಚಿಕೊಂಡಿತು. ಏನಾಯಿತೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಡಾಕ್ಟರುಗಳಿಗೆ ಫೋನಿನಲ್ಲಿ ದಿನಾ ಪಾಠ ಹೇಳುವವನು ಅವನೇ. ಸೆಟ್ಟು ತೆಗೆದು ಕೈಯಲ್ಲಿ ಹಿಡಿದು ಅದೇ ಪಾಠವನ್ನು ಅವನಿಗೆ ಒಪ್ಪಿಸಿದೆ.

"ಹಳೇ ಅಚ್ಚು ಕಳಿಸ್ಬೇಡಿ ಸಾರ್, ಹಲ್ಲಿಲ್ಲದ ವಸಡು ದಿನಾ ಕರಗುತ್ತೆ, ಅದು ಯಾರಿಗೂ ಕಾಯಲ್ಲ. ಹೌದೇನೋ?"

ಅವನು ಸೊಸೆಯ ಕಡೆ ತಿರುಗಿದ. "ಸುಳ್ಳು ಚೀಟಿ ಹಚ್ಚಿದ್ದು ನೀನಾ?"

"ನಾನೇ ರೀ. ನಾಳೆ ಮಗಳ ಕತ್ತಿಗೂ ಒಂದು ಕಟ್ತೀನಿ, ತಾರೀಕು ಹಾಕಿ. ಆಗಲಾದ್ರೂ ಗುರುತು ಸಿಗುತ್ತೇನೋ ನೋಡಿ!"

ಅವನು ಕೈ ತೊಳೆದು ಬಂದ. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದ. ಸೆಟ್ಟಿನ ಒಳಮೈಗೆ ಅಚ್ಚಿನ ಹಿಟ್ಟು ಸವರಿ ನನ್ನ ವಸಡಿನ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ದವಡೆ ಹಿಡಿದ. ಗಟ್ಟಿಯಾಗುವವರೆಗೆ ಅಲ್ಲಾಡುವಂತಿಲ್ಲ.

ಫೋನ್ ಬಡಿದುಕೊಂಡಿತು. ಅಭ್ಯಾಸಬಲಕ್ಕೆ ಅವನ ಮೊಣಕೈ ಅತ್ತ ತಿರುಗಿತು. ನಾನು ಕಣ್ಣು ಕೆಕ್ಕರಿಸಿದೆ. ಮೊಣಕೈ ಸ್ವಸ್ಥಾನಕ್ಕೆ ಬಂತು. ಬೆರಳು ಕಚ್ಚಿಬಿಡಬೇಕು ಎನಿಸಿತು. ಕಚ್ಚುವ ಹಲ್ಲನ್ನು ಅವನೇ ಒತ್ತಿ ಹಿಡಿದಿದ್ದ.

"ಯಾಕಮ್ಮ ಎಡಗಡೆನೇ ಅಗೀತಿದ್ದೆ?" ಮೆತ್ತಗೆ ಕೇಳಿದ.

ಉತ್ತರ ಹೇಳಲು ಬಾಯಿ ಖಾಲಿಯಿರಲಿಲ್ಲ. ನನ್ನ ಬಲಗಡೆಯ ಹಲ್ಲುಗಳು ಅವನು ಚಿಕ್ಕವನಿದ್ದಾಗಲೇ ಹಾಳಾಗಿದ್ದವು. ಆಫೀಸು, ಮನೆ ಎಂದು ಓಡುತ್ತಾ, ಬಿಡುವಾದಾಗ ತೋರಿಸಿದರಾಯಿತೆಂದು ಬಿಟ್ಟವಳು ನಾನೇ. ಅದನ್ನು ನೆನೆದು ಸಿಟ್ಟು ಇಮ್ಮಡಿಯಾಯಿತು.

ಸಂಜೆಯೊಳಗೆ ಸೆಟ್ಟು ಸರಿಯಾಯಿತು. ಆ ದಿನದ ಎರಡು ಅರ್ಜೆಂಟ್ ಟ್ರೇಗಳು ಹಾಗೆಯೇ ಉಳಿದವು.

ಭಾನುವಾರ ಅಕ್ಕ ಬಂದವಳೇ ನನ್ನ ಗಲ್ಲ ಹಿಡಿದು ಬಾಯಿ ನೋಡಿದಳು. ಚಿಕ್ಕಂದಿನಲ್ಲಿ ನಾನು ಕಚ್ಚಿದ ಗುರುತು ಅವಳ ಮುಂಗೈಯಲ್ಲಿ ಇನ್ನೂ ಇದೆ.

"ಈಗ್ಲೂ ಕಚ್ತೀಯೇನೇ?"

"ಕಚ್ತೀನಿ. ನಿನ್ನನ್ನಲ್ಲ."

"ಮಗ ಚೆನ್ನಾಗಿ ಕಟ್ಟಿದಾನೆ ಬಿಡು."

"ಹೂಂ, ಬೇರೆಯವರದ್ದು ಅಂದ್ಕೊಂಡು ಕಟ್ಟಿದ್ದು, ಅದಕ್ಕೇ." ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಮಗ ತಲೆ ತಗ್ಗಿಸಿ ನಮ್ಮ ಪಕ್ಕದಲ್ಲಿ ಸೇಬು ಹೆಚ್ಚುತ್ತಿದ್ದ. ಮುಂದಿನ ಕೋಣೆಯಲ್ಲಿ ಫೋನ್ ಕೂಗಿತು, ನಿಂತಿತು, ಮತ್ತೆ ಕೂಗಿತು. ಅವನು ಏಳಲಿಲ್ಲ.

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಅವನು ಚಾಚಿದ ಹೋಳು ತೆಗೆದುಕೊಂಡು, ಬಲಗಡೆಗೆ ಹಾಕಿ, ಕಚ್ಚಿದೆ.