ಹುಬ್ಬುಗಳ ನಡುವಿನ ಮೊಳೆ

ತಪ್ಪು ಚಿತ್ರಕಾರ ಓರ್ಸೊನದೇ. ಚಿತ್ರದ ನೆಲ, ಗೋಡೆ, ಚಾವಣಿ ಬರೆದು ಮುಗಿಸಿ ಕ್ರಿಸ್ತನ ಮುಖವನ್ನು ಕೊನೆಗೆ ಇಟ್ಟುಕೊಳ್ಳಬೇಕಿತ್ತು. ಈಸ್ಟರ್‌ಗೆ ಬಂದ ಬಿಷಪ್ಪರಿಗೆ ತೋರಿಸಲು ಮುಖವೇ ಬೇಕೆಂದು ಮಠದವರು ಪಟ್ಟು ಹಿಡಿದರು. ಅವನು ಗೆರೆ ಎಳೆಯಲು ಹೊಡೆದಿದ್ದ ಮೊಳೆ ಕಿತ್ತು, ತೂತು ಮುಚ್ಚಿ, ಮುಖ ಬರೆದುಬಿಟ್ಟ.

ಈಗ ಮಠದ ಊಟದ ಮನೆಯ ಗೋಡೆಯ ಮೇಲಿನ ಆ ಚಿತ್ರದಲ್ಲಿ ನೆಲವೊಂದೇ ಬಾಕಿ. ಹಾಸುಗಲ್ಲಿನ ಗೆರೆಗಳೆಲ್ಲ ಒಂದೇ ಬಿಂದುವಿಗೆ ಓಡಬೇಕು. ಇಲ್ಲದಿದ್ದರೆ ಚಿತ್ರದ ಮೇಜು ಜಾರಿ ಬೀಳುವಂತೆ ಕಾಣುತ್ತದೆ. ಬಿಂದುವಿಗೆ ಮೊಳೆ ಹೊಡೆದು, ದಾರ ಕಟ್ಟಿ, ಬಿಗಿಯಾಗಿ ಎಳೆದು ಗಾರೆಯ ಮೇಲೆ ಗೆರೆ ಮೂಡಿಸಬೇಕು. ಬಿಂದು ಇದ್ದದ್ದು ಕ್ರಿಸ್ತನ ಹುಬ್ಬುಗಳ ನಡುವೆ.

ಗಾರೆ ಕೆಲಸದ ನೆಂಚೊ ಬೆಳಗ್ಗೆಯೇ ನೆಲದ ಭಾಗಕ್ಕೆ ಹಸಿ ಗಾರೆ ಬಳಿದಿದ್ದ. ಅದು ಒಣಗುವ ಮೊದಲು ಬಣ್ಣ ಬೀಳಬೇಕು.

"ಮೊಳೆ ಬೇಡ, ಬೆರಳಲ್ಲಿ ದಾರ ಒತ್ತಿ ಹಿಡ್ಕೊಳ್ಳೋ," ಎಂದ ಓರ್ಸೊ.

ದಾರ ಜಾರಿತು. ಗಾರೆಯ ಮೇಲೆ ಸೊಟ್ಟ ಗೀರು ಬಿತ್ತು.

"ಲೆಕ್ಕದಲ್ಲೇ ಗೆರೆ ತೆಗೀತೀನಿ ಅಂತ ಜಂಬ ಕೊಚ್ತಿದ್ಯಲ್ಲ ಗುರುವೇ, ತೆಗಿ ಈಗ!" ನೆಂಚೊ ನಕ್ಕ.

ಲೆಕ್ಕದಲ್ಲಿ ಆಗಬಹುದಿತ್ತು. ಆದರೆ ಓರ್ಸೊ ಮೂರು ಸಲ ಭಾಗಿಸಿದ, ಮೂರು ಉತ್ತರ ಬಂತು. ತಲೆಯಲ್ಲಿ ಧರ್ಮನಿಂದೆಯ ವಿಚಾರಣೆ ನಡೆಸುವ ಸನ್ಯಾಸಿ ಗಾಸ್ಪರ್ರೆ ಕೂತಿದ್ದ. ಶಿಲುಬೆಗೆ ಉಗುಳಿದ ಉಣ್ಣೆ ಕೆಲಸದವನ ನಾಲಿಗೆಗೆ ಹೋದ ತಿಂಗಳು ಕಾದ ಕಬ್ಬಿಣ ಚುಚ್ಚಿಸಿದವನು.

"ಮೊಳೆ ನೀನೇ ಹೊಡಿ, ನೆಂಚೊ."

"ನಿನ್ನ ಸುಣ್ಣ ಹೊರ್ತೀನಿ, ಪಾಪ ಹೊರಲ್ಲಪ್ಪ."

ಓರ್ಸೊ ಹೊಡೆದ. ಹುಬ್ಬಿನಿಂದ ಚಕ್ಕೆಯೊಂದು ಹಾರಿ ಅವನ ತುಟಿಗೆ ಅಂಟಿತು. ಸುತ್ತಿಗೆಯನ್ನು ನೆಂಚೊನ ಕೈಗೆ ಕೊಟ್ಟು, ದಾರ ಹಿಡಿದು ಅಟ್ಟಣಿಗೆಯಿಂದ ಇಳಿದ.

ಬಾಗಿಲಲ್ಲಿ ಗಾಸ್ಪರ್ರೆ ನಿಂತಿದ್ದ, ಹಿಂದೆ ಇಬ್ಬರು ಆಳುಗಳು. ಅವನು ಮೊದಲು ಮುಖವನ್ನು ನೋಡಿದ, ಆಮೇಲೆ ಸುತ್ತಿಗೆಯನ್ನು.

"ಯಾರು ಹೊಡೆದದ್ದು?"

ಓರ್ಸೊ ತುಟಿಗೆ ಅಂಟಿದ್ದ ಚಕ್ಕೆಯನ್ನು ಒರೆಸಿಕೊಂಡ.

"ಹೇಳು ಗುರುವೇ," ಮೇಲಿಂದ ನೆಂಚೊ ಅಂದ. "ಗೆರೆ ಎಳೆಯೋಕೆ ಅಂತ ಹೇಳು, ಅಷ್ಟೆ."

"ಅವನೇ ಹೊಡೆದದ್ದು, ತಂದೆಯವರೇ," ಎಂದ ಓರ್ಸೊ. "ನಾನು ಬೇಡ ಅಂದೆ."

ನೆಂಚೊ ತಮಾಷೆ ಎಂದುಕೊಂಡು ನಕ್ಕ. ಆಳುಗಳು ಹತ್ತಿ ಅವನ ತೋಳು ಹಿಡಿದಾಗ ನಗು ನಿಂತಿತು.

"ಮೊಳೆ ಕಿತ್ತು ಗಾಯ ಮುಚ್ಚು," ಎಂದು ಗಾಸ್ಪರ್ರೆ ಹೊರಟ.

ಅಂಗಳದಿಂದ ನೆಂಚೊ ಓರ್ಸೊನ ಹೆಸರು ಹಿಡಿದು ಕೂಗುತ್ತಿದ್ದ. ಓರ್ಸೊ ಗಾರೆಯನ್ನು ಮುಟ್ಟಿ ನೋಡಿದ. ಇನ್ನೂ ಹಸಿಯಾಗಿತ್ತು. ಮೊಳೆ ಕೀಳುವ ಮೊದಲು ಹದಿನಾಲ್ಕು ಗೆರೆ ಎಳೆದ. ಒಂದೂ ಸೊಟ್ಟಗಾಗಲಿಲ್ಲ.