ಅಕಾಲದ ಮೊಗ್ಗು

ಹೂವಿನಂಗಡಿಯಲ್ಲಿ ಹೊಸ ದಾಸವಾಳದ ಕುಂಡಕ್ಕೆ ಒಂಬೈನೂರು ರೂಬಲ್. ನಮ್ಮ ಮನೆಯ ಹಳೆಯದನ್ನು ಒಂದು ಚಳಿಗಾಲ ಬದುಕಿಸಲು ದೀಪಕ್ಕೆ ಸಾವಿರದ ಆರುನೂರು, ಮಣ್ಣಿಗೆ ಇನ್ನೂರೈವತ್ತು, ಮೇಲೆ ಕರೆಂಟಿನ ಬಿಲ್ಲು. ನನ್ನ ಸೊಂಟನೋವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬುದ್ಧಿ ಇದ್ದವರು ಹಳೆಯದನ್ನು ಎಸೆದು ಹೊಸದು ತರುತ್ತಾರೆ. ಆದರೆ ಗಿಡ ನನ್ನದಲ್ಲ, ಅತ್ತೆಯದು. ಕಾನೂನು ಕೇಳಿದರೆ ಅತ್ತೆಯೂ ಈಗ ನನ್ನವರಲ್ಲ.

ನನ್ನ ಗಂಡನಾಗಿದ್ದ ವಾದಿಮ್ ಆರು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ದಕ್ಷಿಣದ ಊರಿಗೆ ಹೋದ. ಮೀನಿನ ಗಾಳಗಳನ್ನು ಒಂದೂ ಬಿಡದೆ ಕಟ್ಟಿಕೊಂಡ. ತಾಯಿಯನ್ನು ಮಾತ್ರ ಆಮೇಲೆ ಕರೆಸಿಕೊಳ್ಳುತ್ತೇನೆ ಅಂದ. ಅತ್ತೆ ಗ್ಲಫೀರಾ ಯೆಗೋರೊವ್ನಾ ಅವನ ಬೆನ್ನಿಗೇ ಬಾಗಿಲು ಹಾಕಿದರು.

"ಅವನು ಕರೆದ್ರೂ ನಾನು ಹೋಗಲ್ಲ ಕಣೇ ರಿಮ್ಮಾ. ಆ ಹೊಸಬಳು ಸೂಪಿಗೆ ಡಬ್ಬಿ ಬೀಟ್‌ರೂಟ್ ಹಾಕ್ತಾಳಂತೆ."

ಹೀಗೆ ಮಗ ಹೋದ, ಅತ್ತೆ ಉಳಿದರು, ಅವರ ಜೊತೆ ದಾಸವಾಳವೂ ಉಳಿಯಿತು. ಅದನ್ನು ಅವರು ತಾಂಬೋವ್‌ನ ತವರಿನಿಂದ ಒದ್ದೆ ಪೇಪರಿನಲ್ಲಿ ಸುತ್ತಿ, ಕೋಟಿನೊಳಗೆ ಎದೆಗವಚಿಕೊಂಡು, ರೈಲಿನಲ್ಲಿ ತಂದದ್ದು. ತವರಿನಲ್ಲಿ ತಾಯಿಗಿಡ ಕೆಂಪಗೆ ಹೂ ಬಿಡುತ್ತಿತ್ತಂತೆ. ಇಲ್ಲಿ ಉತ್ತರದ ತುದಿಯ ಮುರ್ಮಾನ್ಸ್ಕಿನಲ್ಲಿ ಅದು ಎಲೆ ಬಿಟ್ಟದ್ದೇ ದೊಡ್ಡದು.

ನಮ್ಮಲ್ಲಿ ಡಿಸೆಂಬರಿಗೆ ಮರೆಯಾದ ಸೂರ್ಯ ಹೊಸ ವರ್ಷ ಕಳೆದ ಮೇಲೆಯೇ ತಿರುಗಿ ಬರುವುದು. ಗಿಡಗಳನ್ನು ಕತ್ತಲೆಯೊಂದೇ ಕೊಂದರೆ ಹೇಗೋ ಸಹಿಸಬಹುದಿತ್ತು. ಕಿಟಕಿಕಟ್ಟೆಯ ಕೆಳಗೇ ಬಿಸಿನೀರಿನ ಕೊಳವೆ. ಅದರ ಬಿಸಿ ಏರಿಸುವುದು ಇಳಿಸುವುದು ನಗರದ ಬಾಯ್ಲರಿನವರ ಕೈಯಲ್ಲಿ, ನಮ್ಮ ಕೈಯಲ್ಲಿ ಇಲ್ಲ. ಸೆಕೆ ತಡೆಯದೆ ಕಿಟಕಿಯ ಮೇಲಿನ ಪುಟ್ಟ ಬಾಗಿಲು ತೆಗೆದರೆ ಹೊರಗಿನ ಹಿಮಗಾಳಿ ನೇರ ಎಲೆಯ ಮೇಲೆ ಬೀಳುತ್ತದೆ. ಬುಡ ಬೇಯುತ್ತದೆ, ತಲೆ ಹೆಪ್ಪುಗಟ್ಟುತ್ತದೆ.

ಹೋದ ಶರತ್ಕಾಲದಲ್ಲಿ ಅತ್ತೆ ಕೆಮ್ಮಿಕೊಂಡು ಹಾಸಿಗೆ ಹಿಡಿದರು. ಹೃದಯ ದಣಿದಿದೆ ಅಂದರು ಡಾಕ್ಟರಮ್ಮ. ಗಿಡವೂ ಅದೇ ವಾರ ಎಲೆ ಉದುರಿಸತೊಡಗಿತು. ಅತ್ತೆ ಸೋಫಾದ ಮೇಲಿಂದ ಅದನ್ನೇ ನೋಡುತ್ತಾ ಅಂದರು:

"ಅದು ಒಣಗಿದ ದಿನ ನಾನೂ ಹೊರಟೆ ಅಂತ ತಿಳ್ಕೋ."

"ಹಾಗಾದ್ರೆ ಒಣಗೋಕೆ ಬಿಡಲ್ಲ ಬಿಡಿ. ನಿಮ್ಮಿಬ್ಬರ ಹಟದಲ್ಲಿ ಸಾಯೋದು ನಾನು."

ಬಂದರಿನ ಕ್ಯಾಂಟೀನಿನಲ್ಲಿ ದಿನವಿಡೀ ಮೀನಿನ ಸಾರು ಕುದಿಸಿ ಬಂದವಳು, ಬೂಟು ಬಿಚ್ಚುವ ಮೊದಲು ಅತ್ತೆಯ ಮಾತ್ರೆ ನೋಡುತ್ತಿದ್ದೆ, ಆಮೇಲೆ ಗಿಡ. ಕೊಳವೆಯ ಮೇಲೆ ಒದ್ದೆ ಟವೆಲು ಹಾಸುತ್ತಿದ್ದೆ. ಎಲೆಯ ಹಿಂದೆ ಕೆಂಪು ನುಸಿ ಬಂತು. ಬಟ್ಟೆ ಸೋಪಿನ ನೀರಿನಲ್ಲಿ ಒಂದೊಂದೇ ಎಲೆಯನ್ನು ಮಗುವಿನ ಕಿವಿ ತೊಳೆದಂತೆ ತೊಳೆದೆ. ಒರೆಸಿದ ಎಲೆ ಬೆಳಿಗ್ಗೆ ನೆಲದ ಮೇಲಿರುತ್ತಿತ್ತು. ಒಮ್ಮೊಮ್ಮೆ ಅದನ್ನು ಹೆಕ್ಕುವುದಕ್ಕೂ ಬಗ್ಗಲು ಮನಸ್ಸಾಗುತ್ತಿರಲಿಲ್ಲ. ಕೊನೆಗೆ ಗಿಡ ಬೆಳೆಸುವ ದೀಪ ತಂದು, ಕೋಣೆಯ ಕಡೆಯಿಂದ ಬೆಳಕು ಬೀಳುವಂತೆ ಕುಂಡದ ಈಚೆ ನಿಲ್ಲಿಸಿದೆ. ಅದರ ಬೆಳಕು ಗುಲಾಬಿ ಬಣ್ಣದ್ದು.

"ಏನೇ ರಿಮ್ಮಾ, ನಿಮ್ಮನೆ ಕಿಟಕಿ ಹೀಗೆ ಹೊಳೀತಿದ್ರೆ ಹಡಗಿನವರೆಲ್ಲ ವಿಳಾಸ ತಪ್ಪಿ ಇಲ್ಲಿಗೇ ಬಂದಾರು," ಅಂದಳು ಕೆಳಮನೆಯ ನೋನ್ನಾ.

"ಬರ್ಲಿ ಬಿಡೇ. ಬಂದವರ ಕೈಗೆ ಒಂದೊಂದು ಎಲೆ ಕೊಟ್ಟು ಒರೆಸು ಅಂತೀನಿ."

ದೀಪ ಫಲ ಕೊಟ್ಟಿತು. ಎಲೆ ಉದುರುವುದು ನಿಂತಿತು. ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ತುದಿಕೊಂಬೆಯಲ್ಲಿ ಹೆಸರುಕಾಳಿನಷ್ಟು ದಪ್ಪದ ಹಸಿರೊಂದು ಕಂಡಿತು. ಚಿಗುರೆಂದುಕೊಂಡೆ. ವಾರದಲ್ಲಿ ಅದು ಬೆರಳುಗುರಿನಷ್ಟಾಗಿ ತುದಿಯಲ್ಲಿ ಕೆಂಪು ಇಣುಕಿದಾಗ ಅದು ಮೊಗ್ಗೆಂದು ತಿಳಿಯಿತು.

ದಾಸವಾಳ ಅಕಾಲದಲ್ಲಿ ಹೂ ಬಿಟ್ಟರೆ ಮನೆಯಿಂದ ಒಬ್ಬರು ಹೋಗುತ್ತಾರೆ ಎನ್ನುವುದು ನಮ್ಮಲ್ಲಿ ಹಳಬರಿಗೆಲ್ಲ ಗೊತ್ತು. ಅತ್ತೆಯೇ ನೂರು ಸಲ ಹೇಳಿದ್ದರು: ಅವರ ಸೋದರತ್ತೆಯ ಮನೆಯಲ್ಲಿ ಮಾಗಿಯಲ್ಲಿ ಹೂ ಅರಳಿತು, ಮೂರನೇ ದಿನ ಸೋದರತ್ತೆ ಇಲ್ಲ. ಒಣಗಿದರೆ ಹೋಗುತ್ತೇನೆ ಅಂದವರು ಅವರೇ. ಅರಳಿದರೆ ಹೋಗುತ್ತಾರೆ ಅಂದವರೂ ಅವರೇ. ನಾನು ಎತ್ತ ಸಾಯಲಿ?

ಮೆಟ್ಟಿಲಲ್ಲಿ ನೋನ್ನಾಳನ್ನು ಹಿಡಿದು ಪಿಸುಗುಟ್ಟಿದೆ.

"ಕಿತ್ತು ಬಿಸಾಕೇ," ಅಂದಳು.

"ಕೈ ಬರಲ್ಲ ಕಣೇ. ಇಷ್ಟು ತಿಂಗಳು ಒದ್ದಾಡಿದ್ದಕ್ಕೆ ಅದೊಂದೇ ಬಂದಿರೋದು."

"ಹಾಗಾದ್ರೆ ಕುಂಡ ತಿರುಗಿಸಿಡು. ಮೊಗ್ಗು ಗಾಜಿನ ಕಡೆಗಿರ್ಲಿ, ಎಲೆ ಅವರ ಕಡೆಗಿರ್ಲಿ. ಮಲಗಿದವರಿಗೆ ಏನು ಕಾಣುತ್ತೆ?"

ಸರಿಯೆನಿಸಿತು. ಅತ್ತೆ ಕಣ್ಣು ಮುಚ್ಚಿದ್ದಾಗ ಕುಂಡವನ್ನು ಅರ್ಧ ಸುತ್ತು ತಿರುಗಿಸಿದೆ. ಆ ವಾರವಿಡೀ ಕ್ಯಾಂಟೀನಿನಿಂದ ಬಂದೊಡನೆ ಪರದೆ ಸರಿಮಾಡುವ ನೆಪದಲ್ಲಿ ಹಿಂದೆ ಇಣುಕುತ್ತಿದ್ದೆ. ಅತ್ತೆ ಏನೂ ಕೇಳಲಿಲ್ಲ. ಸೂಪನ್ನು ಅರ್ಧ ಕುಡಿದು ಬಟ್ಟಲನ್ನು ಪಕ್ಕಕ್ಕಿಡುತ್ತಿದ್ದರು.

ಸೂರ್ಯ ಬರುವ ದಿನ ಊರಿನವರೆಲ್ಲ ಗುಡ್ಡದ ಮೇಲೆ ಹೋಗುತ್ತಾರೆ. ನೋನ್ನಾ ಮೈದಾ ಹಿಟ್ಟಿನಲ್ಲಿ ಕರಿದ ಬಿಸಿ ಬಿಸಿ ಸಿಹಿಬಳೆಗಳನ್ನು ಪೇಪರಿನಲ್ಲಿ ತಂದು ಕೊಟ್ಟು ತಾನೂ ಹೊರಟಳು. ನಾನು ಹೋಗಲಿಲ್ಲ, ನಿಲ್ಲಲು ಕಾಲಿನಲ್ಲಿ ಕಸುವಿರಲಿಲ್ಲ. ಎದುರಿನ ಕಟ್ಟಡದ ತಲೆಯ ಮೇಲೆ ಒಂದಿಷ್ಟು ಕೆಂಪು ಬಂದು ಹೋಯಿತು. ಅಷ್ಟೇ ಸೂರ್ಯ.

"ರಿಮ್ಮಾ," ಅಂದರು ಅತ್ತೆ, "ಇವತ್ತಾದ್ರೂ ಆ ಕುಂಡ ಈ ಕಡೆ ತಿರುಗಿಸೇ. ಎಷ್ಟು ದಪ್ಪ ಆಗಿದೆ ನೋಡ್ಬೇಕು."

"ಏನು ದಪ್ಪ ಆಗಿದೆ ಅತ್ತೆ?"

"ನಿಮ್ಮಜ್ಜಿ ತಲೆ! ಮೊಗ್ಗು ಕಣೇ. ನಿನಗಿಂತ ಮುಂಚೆ ಕಂಡೋಳು ನಾನು. ಇಡೀ ದಿನ ಇಲ್ಲಿ ಬಿದ್ಕೊಂಡು ಇನ್ನೇನು ನೋಡ್ಲಿ, ನಿನ್ನ ವಾಲ್‌ಪೇಪರಾ?"

"ಅಲ್ಲಾ ಅತ್ತೆ, ಅಕಾಲದ ಹೂ... ನೀವೇ ಹೇಳ್ತಿದ್ರಲ್ಲ..."

"ಹೇಳ್ತಿದ್ದೆ. ಆಗ ನನಗೆ ಅರವತ್ತು, ಹೇಳೋಕೆ ಧೈರ್ಯ ಇತ್ತು. ಈಗ ಎಂಬತ್ತೆರಡು. ಹೋಗೋಕೆ ನನಗೆ ಹೂವಿನ ಅಪ್ಪಣೆ ಬೇಕಾ? ನಮ್ಮಮ್ಮನ ಕಿಟಕೀಲಿ ನೋಡಿದ್ದು, ಆಮೇಲೆ ನೋಡೇ ಇಲ್ಲ. ಹೋಗೋದೇ ಆದ್ರೆ ನೋಡ್ಕೊಂಡು ಹೋಗ್ತೀನಿ. ತಿರುಗಿಸು, ತಿರುಗಿಸು."

ಕೈ ಒರೆಸಿಕೊಂಡು ಕುಂಡವನ್ನು ಹಿಡಿದೆ. ಅರ್ಧ ತಿರುಗುವಷ್ಟರಲ್ಲಿ ತೊಟ್ಟಿನಿಂದ ಬಿಟ್ಟುಕೊಂಡ ಮೊಗ್ಗು ಕಿಟಕಿಕಟ್ಟೆಯ ಮೇಲೆ ಬಿದ್ದು ಉರುಳಿತು. ಹಳದಿಗಟ್ಟಿತ್ತು.

ಅತ್ತೆ ಕತ್ತೆತ್ತಿ ಅದನ್ನು ನೋಡಿದರು.

"ಮೊಗ್ಗಾದ ಗಿಡಾನ ದೀಪದ ಬೆಳಕಿನಿಂದ ಆಚೆ ತಿರುಗಿಸಬಾರದು ಕಣೇ," ಅಂದರು. "ಉದುರಿಸಿಬಿಡುತ್ತೆ. ತಿರುಗಿಸಿದ ದಿನಾನೇ ಕೂಗಿ ಹೇಳ್ಬೇಕು ಅಂದ್ಕೊಂಡೆ. ಅಯ್ಯೋ, ನನಗೋಸ್ಕರ ಬಚ್ಚಿಡ್ತಿದ್ದಾಳೆ ಪಾಪ, ಕೂಗಿದ್ರೆ ನಾಚ್ಕೋತಾಳೆ ಅಂತ ಸುಮ್ಮನಾದೆ."

"ಹೇಳ್ಬೇಕಿತ್ತು ಅತ್ತೆ."

"ನೀನೂ ಕೇಳ್ಬೇಕಿತ್ತು."

ಮೊಗ್ಗನ್ನು ಅವರ ಅಂಗೈಗಿಟ್ಟೆ. ಉಗುರಿನಿಂದ ಅದನ್ನು ಮೆಲ್ಲಗೆ ಸೀಳಿದರು. ಒಳಗೆ ಕೆಂಪು ಎಸಳು ಕೊಡೆಯ ಹಾಗೆ ಸುತ್ತಿಕೊಂಡಿತ್ತು. ಬೆರಳ ತುದಿಯಲ್ಲಿ ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, "ಅದೇ ಬಣ್ಣ," ಅಂದರು. ಆಮೇಲೆ ಕೈ ಚಾಚಿದರು: "ಆ ಸಿಹಿಬಳೆ ಕೊಡು, ಆರಿ ಹೋಗುತ್ತೆ."

ಏಪ್ರಿಲಿಗೆ ಅವರು ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದರು. ಗಿಡ ಹೊಸ ಎಲೆ ಬಿಟ್ಟಿತು. ಬೇಸಗೆಯಿಡೀ ಬೆಳಕಿದ್ದರೂ ಮತ್ತೊಂದು ಮೊಗ್ಗು ಬರಲಿಲ್ಲ. ಆ ಚಳಿಗಾಲದಲ್ಲಿ ಗಿಡ ಉಳಿಯಿತು, ಅತ್ತೆ ಉಳಿದರು. ಅವರು ನೋಡಬೇಕೆಂದಿದ್ದ ಹೂ ಹೋಯಿತು.